ಪ್ರಭಾವಳಿಯ ಚೂರು

ಚಾಮರಾಜಪೇಟೆ
11 ಫೆಬ್ರವರಿ 2024

ಅಪ್ಪ,

ಮುಳಬಾಗಿಲಿನಲ್ಲಿ ಚಳಿ ಹೇಗಿದೆ ಎಂದು ಕೇಳಿ ಶುರು ಮಾಡೋಣವೆಂದುಕೊಂಡೆ. ಆದರೆ ನನಗೆ ಬೇಕಿರುವುದು ಅದಲ್ಲ. ನೀನು ಮನೆಗೆ ಯಾವಾಗ ಬರುತ್ತೀಯ, ಅದು ಬೇಕು.

ಮೇಜಿನ ಮೇಲೆ ನೀನು ಬಿಟ್ಟು ಹೋದ ಫೋನು ದೀಪಾವಳಿಯಿಂದ ಅಲ್ಲೇ ಇದೆ. ಅತ್ತೆಗೆ ಫೋನ್ ಮಾಡಿದರೆ ಪ್ರತಿ ಸಲವೂ, "ನಿಮ್ಮಪ್ಪ ಈಗ್ ತಾನೆ ಹೊರಗ್ ಹೋದ ಕಣೇ" ಎನ್ನುತ್ತಾರೆ. ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಅತ್ತೆಗೆ ಸುಳ್ಳು ಹೇಳಲು ಬರುವುದಿಲ್ಲ. ಅದಕ್ಕೇ ಈ ಪತ್ರ. ಕಾಗದವಾದರೆ ನೀನು ಹೊರಗೆ ಹೋಗಿದ್ದರೂ ಕಾಯುತ್ತದೆ.

ಪುಟ್ಟಯ್ಯನವರು ಅಂದ ಮಾತು ನನಗೂ ಮರೆತಿಲ್ಲ. ತ್ಯಾಗರಾಜನಗರದ ಅವರ ಮನೆಯ ಲಕ್ಷ್ಮೀಪೂಜೆಗೆ ನಾನೂ ನಿನ್ನ ಜೊತೆ ಬಂದಿದ್ದೆನಲ್ಲ. ಅಮ್ಮ ಇದ್ದಾಗ ನೀನು ಅವರಿಗೆ ಬರೆದುಕೊಟ್ಟ ಗಜಲಕ್ಷ್ಮಿಯ ಪಟ. ದೇವಿಯ ಸುತ್ತಲಿನ ಪ್ರಭಾವಳಿಯಲ್ಲಿ ಅಂಟಿಸಿದ ಚಿನ್ನದ ತೆಳು ಹಾಳೆ, ಆ ರೇಕು, ಹೊಳೆಯಬೇಕಾದ ಕಡೆ ಹಸಿರು, ಕಪ್ಪು ಕಲೆಗಳು. ಎಲೆಯ ಮುಂದೆ ಕೂತವರೆಲ್ಲ ಕೇಳುವ ಹಾಗೆ, "ಏನ್ ವರ್ದಣ್ಣ, ನಮ್ ದೇವ್ರಿಗೆ ಹಿತ್ತಾಳೆ ಅಂಟ್ಸ್‌ಬುಟ್ಯಾ?" ಎಂದರು. ನಗುತ್ತಲೇ ಅಂದರು. ನೀನು ಎಲೆ ಮಡಿಚಿ ಎದ್ದೆ. ಅದೇ ವಾರ ಊರು ಬಿಟ್ಟೆ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ಇಬ್ಬರಿದ್ದೆವು. ಈಗ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ ಒಂದನ್ನು ವಾಪಸು ಸುರಿಯುತ್ತೇನೆ.

ನನಗೆ ಕೆಲಸ ಸಿಕ್ಕಿದೆ. ಪಿಯುಸಿ ಅರ್ಧಕ್ಕೆ ಬಿಟ್ಟು, ಬಟ್ಟೆ ಅಂಗಡಿ, ಬೇಕರಿ, ಕೊರಿಯರ್ ಎಲ್ಲೂ ನಿಲ್ಲದವಳು ಇಲ್ಲಿ ನಿಂತಿದ್ದೇನೆ. ಮಲ್ಲೇಶ್ವರಂನ ಒಂದು ಪರೀಕ್ಷಾ ಲ್ಯಾಬ್. ಇಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಇದೆ. ಬೆಳಕಿನಿಂದಲ್ಲ, ಎಲೆಕ್ಟ್ರಾನ್‌ಗಳ ಕಿರಣದಿಂದ ನೋಡುತ್ತದೆ. ಅದರಲ್ಲಿ ತಲೆಗೂದಲು ತೆಂಗಿನ ಮರದ ಬೊಡ್ಡೆಯ ಹಾಗೆ ಕಾಣುತ್ತದೆ. ಇನ್ನೊಂದು ಸಂಗತಿ ಅಂದರೆ, ಆ ಚೂರಿನಲ್ಲಿ ತಾಮ್ರ ಇದೆಯೋ ಕಬ್ಬಿಣ ಇದೆಯೋ ಅದನ್ನೂ ಹೇಳುತ್ತದೆ. ಒಂದೊಂದು ಧಾತುವಿಗೂ ಪರದೆಯ ಮೇಲೆ ಅದರದ್ದೇ ಜಾಗದಲ್ಲಿ ಒಂದು ಗೋಪುರ ಏಳುತ್ತದೆ. ಚೂರುಗಳನ್ನು ಒಣಗಿಸಿ, ಲೋಹದ ಬಿಲ್ಲೆಯ ಮೇಲೆ ಅಂಟಿಸಿ, ಯಂತ್ರಕ್ಕೆ ಸಿದ್ಧ ಮಾಡಿಕೊಡುವುದು ನನ್ನ ಕೆಲಸ.

ನಿನಗೆ ಅರ್ಥವಾಗಿರಬೇಕು. ಗಜಲಕ್ಷ್ಮಿಯ ಒಂದು ಚೂರು ಸಾಕು.

ಎರಡನೇ ಲೋಟದ ಕಾಫಿಯವಳು,
ತನ್ಮಯಿ


ಮುಳಬಾಗಿಲು
24 ಫೆಬ್ರವರಿ 2024

ತನು,

ಕಾಗದ ತಲುಪಿತು. ಕೆಲಸ ಸಿಕ್ಕಿದ್ದು ಸಂತೋಷ. ಅಲ್ಲಿ ಹಿರಿಯರ ಮಾತು ಕೇಳು, ಅರ್ಧಕ್ಕೆ ಬಿಡಬೇಡ.

ಪಟದ ವಿಷಯ ಬಿಟ್ಟುಬಿಡು. ಆಡಿದ ಮಾತು ಆಡಿದವರ ಮನೆಯಲ್ಲೇ ಇರಲಿ. ಅವರ ದೇವರ ಮೇಲೆ ಸೂಜಿ ಇಡಬೇಡ.

ಅಟ್ಟದ ಮೇಲಿನ ಅಳಿಲುಗೂದಲ ಕುಂಚಗಳಿಗೆ ಹುಳು ಬೀಳದ ಹಾಗೆ ಬೇವಿನ ಸೊಪ್ಪು ಬದಲಾಯಿಸು. ಇಲ್ಲಿ ನಾನು ಆರಾಮ.

ಅಪ್ಪ


ಚಾಮರಾಜಪೇಟೆ
10 ಮಾರ್ಚ್ 2024

ಅಪ್ಪ,

ಬೇವಿನ ಸೊಪ್ಪು ಬದಲಾಯಿಸಿದೆ. ನಿನ್ನ ಇನ್ನೊಂದು ಮಾತು ಕೇಳಲಿಲ್ಲ.

ನಾನೇ ತ್ಯಾಗರಾಜನಗರಕ್ಕೆ ಹೋದೆ. ಪುಟ್ಟಯ್ಯನವರು ಇರಲಿಲ್ಲ. ಅವರ ಹೆಂಡತಿ ಸರಸ್ವತಮ್ಮ ಇದ್ದರು. ಬಂದ ಕೆಲಸ ಹೇಳಿದಾಗ ಅವರು ಪಟದ ಮುಂದಿನ ದೀಪ ಸರಿಸಿ, ಕೈ ಮುಗಿದು, "ತಗೊಳವ್ವ. ಅಮ್ನೋರ್ ಮುಖಕ್ ಮಾತ್ರ ಸೂಜಿ ತಾಕಿಸ್ಬೇಡ" ಎಂದರು. ಪ್ರಭಾವಳಿಯಲ್ಲಿ ಕಲೆಯಾಗಿದ್ದ ಕಡೆ ರೇಕು ತಾನಾಗಿಯೇ ಎದ್ದಿತ್ತು. ಸೂಜಿಯ ಮೊನೆಯಿಂದ ಎತ್ತಿ ಡಬ್ಬಿಗೆ ಹಾಕಿಕೊಂಡೆ. ಕಿರೀಟದ ಅಂಚಿನಿಂದಲೂ ಒಂದಿಷ್ಟು ತೆಗೆದುಕೊಂಡೆ.

ನಮ್ಮ ಲ್ಯಾಬಿನ ಹಿರಿಯರು ನಾಗಭೂಷಣ್ ಸರ್. ಊಟದ ವಿರಾಮದಲ್ಲಿ ನೋಡಿಕೋ ಎಂದು ಅನುಮತಿ ಕೊಟ್ಟು ಅವರು ಹೈದರಾಬಾದಿಗೆ ಹೋಗಿದ್ದರು. ಯಂತ್ರ ನಡೆಸುವ ಕೈಲಾಸ್ ಜೊತೆಗಿದ್ದ. ದಿನಾ ಎಲ್ಲರ ಚೂರುಗಳಿಗೆ ಮಾಡುವ ಹಾಗೆಯೇ ಪ್ರಭಾವಳಿಯ ಚೂರನ್ನು ಬಿಲ್ಲೆಗೆ ಅಂಟಿಸಿ, ಲೇಪನದ ಡಬ್ಬಿಯಲ್ಲಿಟ್ಟು, ಯಂತ್ರದೊಳಗೆ ಇಳಿಸಿದೆ. ಚೂರು ಇನ್ನೂ ಹತ್ತಿರದಿಂದ ಕಾಣಲೆಂದು ನಾನು, "ಒಳಕ್ಕೆ ಹೋಗು, ಇನ್ನೂ ಒಳಕ್ಕೆ" ಎನ್ನುತ್ತಿದ್ದೆ. ಬಸ್ಸಿನ ಕಂಡಕ್ಟರ್ ಹಾಗೆ ಆಡಬೇಡ ಎಂದು ಕೈಲಾಸ್ ಬೈದ. ಆಮೇಲೆ ಗೋಪುರ ಎದ್ದಿತು.

"ಗುರು! ಚಿನ್ನ ಗುರು ಇದು!" ಎಂದು ಅವನು ಕೂಗಿದ.

ಚಿನ್ನ, ಅಪ್ಪ. ಪಕ್ಕದಲ್ಲಿ ತಾಮ್ರ, ಸತು ಕೂಡ ಎದ್ದಿದ್ದವು. ನನ್ನ ಮುಖ ಸಣ್ಣದಾದದ್ದು ನೋಡಿ ಕೈಲಾಸ್, "ಅದು ಬಿಲ್ಲೆದು ಬಿಡು. ನಮ್ ಬಿಲ್ಲೇನೇ ಹಿತ್ತಾಳೆ ಅಲ್ವಾ?" ಎಂದ. ಹೌದಲ್ಲ ಎನ್ನಿಸಿತು.

ಅಲ್ಲಿಂದಲೇ ಸರಸ್ವತಮ್ಮನವರಿಗೆ ಫೋನ್ ಮಾಡಿದೆ. ಪುಟ್ಟಯ್ಯನವರು ಅವರ ಕೈಯಿಂದ ಫೋನ್ ಕಿತ್ತುಕೊಂಡು, "ಅಂಗಾರೆ ನಂದೇ ತೆಪ್ಪು ಕಣವ್ವ. ನಿಮ್ಮಪ್ಪನ್ ಕರ್ಸು, ಕಾಲ್ ಹಿಡ್ಕತೀನಿ" ಎಂದರು.

ಇನ್ನೇನು ಬೇಕು ನಿನಗೆ? ಬಾ.

ತನು


ಮುಳಬಾಗಿಲು
20 ಮಾರ್ಚ್ 2024

ತನು,

ನಿನ್ನ ಕಾಗದವನ್ನು ನಿಮ್ಮತ್ತೆ ಗಟ್ಟಿಯಾಗಿ ಓದಿ ಕಣ್ಣೊರೆಸಿಕೊಂಡಳು. ನಾನು ಮತ್ತೆ ಒಬ್ಬನೇ ಓದಿದೆ.

ಪ್ರಭಾವಳಿಯ ಚೂರಿನಲ್ಲೇ ಚಿನ್ನ ಕಂಡಿತೇ? ಕಿರೀಟದ್ದಲ್ಲವೇ? ಸರಿಯಾಗಿ ನೋಡಿದ್ದೀಯಲ್ಲ?

ಹಾಗಿದ್ದರೆ ಯುಗಾದಿಗೆ ಬರುತ್ತೇನೆ. ಬೇವು ನಾನೇ ತರುತ್ತೇನೆ, ಇಲ್ಲಿ ಹಿತ್ತಲಲ್ಲೇ ಇದೆ. ನನ್ನ ಹಾಸಿಗೆಯನ್ನು ಒಂದು ಬಿಸಿಲಿಗೆ ಹಾಕು.

ಅಪ್ಪ


ಚಾಮರಾಜಪೇಟೆ
31 ಮಾರ್ಚ್ 2024

ಅಪ್ಪ,

ಹಾಸಿಗೆ ಬಿಸಿಲಿಗೆ ಹಾಕಿದೆ. ಆಮೇಲೆ ಈ ಪತ್ರ ಬರೆಯಲು ಕೂತೆ.

ಮೊನ್ನೆ ಬೀಜದ ಕಂಪನಿಯೊಂದು ರಾಗಿ ಕಳಿಸಿತ್ತು. ಕಾಳಿನ ಸಿಪ್ಪೆಯ ಚಿತ್ರ ಬೇಕಿತ್ತು. ಎಂದಿನ ಹಾಗೆ ಸಿದ್ಧ ಮಾಡಿ ಕೊಟ್ಟೆ. ಕೈಲಾಸ್ ಸುಮ್ಮನೆ ತಮಾಷೆಗೆ ಧಾತುಗಳನ್ನೂ ನೋಡಿದ. ರಾಗಿಯಲ್ಲಿ ಚಿನ್ನದ ಗೋಪುರ ಎದ್ದಿತು.

"ನಡಿ ಗುರು, ತರಗುಪೇಟೆಗೆ ಹೋಗಿ ಇರೋ ಬರೋ ರಾಗಿ ಮೂಟೆ ಎಲ್ಲಾ ಎತ್ತಾಕ್ಕೊಂಡ್ ಬಂದ್ಬಿಡೋಣ!"

ಅವನು ನಗುತ್ತಿದ್ದ. ನಾನು ನಗಲಿಲ್ಲ. ನಾವು ಚೂರುಗಳಿಗೆ ಕೊಡುವ ಲೇಪನವೇ ಚಿನ್ನದ್ದು, ಅಪ್ಪ. ಕಾಳು, ಮೂಳೆ, ಪ್ಲಾಸ್ಟಿಕ್ಕಿನಂಥವು ವಿದ್ಯುತ್ತನ್ನು ಹರಿಯಬಿಡುವುದಿಲ್ಲ. ಕಿರಣ ಬಿದ್ದರೆ ಚಿತ್ರ ಬೆಳ್ಳಗೆ ಉರಿದುಹೋಗುತ್ತದೆ. ಅದಕ್ಕೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಚಿನ್ನ ಹೊದಿಸುತ್ತೇವೆ. ಚಿತ್ರ ತೆಗೆಯುವುದಕ್ಕೆ ಅದು ಸರಿ. ಚಿನ್ನ ಇದೆಯೇ ಎಂದು ಹುಡುಕುವ ಚೂರಿಗೆ ಅದನ್ನು ಹೊದಿಸಬಾರದು. ನಾನು ಹೊದಿಸಿದ್ದೆ. ಬೇರೆ ಲೇಪನ ಹಾಕಿದ್ದೇನೆಂದು ಕೈಲಾಸ್ ತಿಳಿದಿದ್ದ. ನಾನಾಗಿ ಹೇಳಲಿಲ್ಲ, ಅವನಾಗಿ ಕೇಳಲಿಲ್ಲ. ನಾವು ಹಾಕಿದ ಚಿನ್ನವನ್ನು ನಿನ್ನದೆಂದೆವು. ಚೂರಿನಲ್ಲೇ ಇದ್ದ ತಾಮ್ರ, ಸತುವನ್ನು ಬಿಲ್ಲೆಯದೆಂದೆವು.

ನಾಗಭೂಷಣ್ ಸರ್‌ಗೆ ನಾನೇ ಹೋಗಿ ಹೇಳಿದೆ. ಅವರು ಬೈಯಲಿಲ್ಲ. "ಹೊದಿಸಿದ ಶಾಲಿನ ಬಣ್ಣ ಹೇಳಿದ್ದೀಯಮ್ಮ, ಒಳಗಿನ ಸೀರೆದಲ್ಲ. ಬಾ, ಮೊದಲಿಂದ ಮಾಡೋಣ" ಎಂದರು. ಈ ಸಲ ಅಲ್ಯೂಮಿನಿಯಂ ಬಿಲ್ಲೆ, ಚಿನ್ನದ ಬದಲು ಕಾರ್ಬನ್ ಲೇಪನ. ಒಂದೇ ಚೂರಲ್ಲ, ಬೇರೆ ಬೇರೆ ಕಡೆಯವು. ಒಂದೇ ಚೂರಿನಲ್ಲೂ ಹಲವು ಜಾಗ. ನಾನು ಒಳಕ್ಕೆ ಹೋಗಿ ಎಂದು ಆತುರಪಟ್ಟರೆ, "ಮೊದ್ಲು ದೂರದಿಂದ ನೋಡಮ್ಮ. ಇಡೀ ಚೂರು ಹೆಂಗಿದೆ ನೋಡದೆ ಮೂಲೆ ನೋಡಿ ಏನ್ ಹೇಳ್ತೀಯಾ?" ಎಂದು ನಿಲ್ಲಿಸಿದರು.

ಕಿರೀಟದಲ್ಲಿ ಚಿನ್ನ ಇದೆ. ಅಪ್ಪಟ. ಪ್ರಭಾವಳಿಯಲ್ಲಿ ಇಲ್ಲ. ಎಲ್ಲಿ ನೋಡಿದರೂ ತಾಮ್ರ, ಸತು. ಪುಟ್ಟಯ್ಯನವರು ಅಂದದ್ದೇ ನಿಜ.

ದೂರದಿಂದ ನೋಡಿದಾಗ ಇನ್ನೊಂದು ಕಂಡಿತು. ಪ್ರಭಾವಳಿಯ ದೊಡ್ಡ ಚೂರಿನ ಮೇಲೆ ಉತ್ತ ಹೊಲದಂತೆ, ಪಕ್ಕಪಕ್ಕದಲ್ಲಿ ಬಾಗಿದ ಗೆರೆಗಳು. ಬೆರಳಿನ ಗುರುತು. ಕೆಳಗಿನ ಅಂಟಿನ ಗಾರೆ ಹಸಿಯಾಗಿದ್ದಾಗ ಯಾರೋ ರೇಕನ್ನು ಬೆರಳಿನಿಂದ ಒತ್ತಿದ್ದಾರೆ. ನೀನು ರೇಕನ್ನು ಬೆರಳಿನಿಂದ ಮುಟ್ಟಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ.

"ಹಬ್ಬ ಆಗ್ಲಿ ಗುರು. ನಿಮ್ಮಪ್ಪ ಬಂದು ಒಬ್ಬಟ್ಟು ತಿನ್ಲಿ, ಆಮೇಲೆ ಹೇಳು" ಎಂದ ಕೈಲಾಸ್. ಅವನು ಹೇಳಿದ್ದು ನನಗೂ ಬೇಕಾಗಿತ್ತು. ನೀನು ಬಾಗಿಲು ತಳ್ಳಿ ಒಳಗೆ ಬಂದು ಚಪ್ಪಲಿ ಬಿಡುವ ಸದ್ದು ಕೇಳಬೇಕು ಎಂದು ಎಷ್ಟು ಆಸೆಯಿದೆ ಎಂದರೆ, ಈ ಪತ್ರವನ್ನು ಮಡಿಚಿ ದಿಂಬಿನ ಕೆಳಗಿಟ್ಟೂ ನೋಡಿದೆ. ಆದರೆ ನೀನು ನನ್ನ ತಪ್ಪನ್ನು ನಂಬಿ ಬಸ್ಸು ಹತ್ತಬಾರದು.

ಹಾಸಿಗೆ ಬಿಸಿಲಿನಲ್ಲಿದೆ. ಸಂಜೆ ಒಳಗೆ ತರುತ್ತೇನೆ.

ತನ್ಮಯಿ


ಚಾಮರಾಜಪೇಟೆ
21 ಏಪ್ರಿಲ್ 2024

ಅಪ್ಪ,

ಯುಗಾದಿಗೆ ನೀನು ಬರಲಿಲ್ಲ. ಬೇವು ಪಕ್ಕದ ಮನೆಯ ಮಾರಕ್ಕ ಕೊಟ್ಟರು. "ಅಪ್ಪ ಬರ್ಲಿಲ್ವೇನೇ?" ಎಂದರು. ಇಲ್ಲ ಎಂದೆ. ಬಸ್ಸು ಸಿಗಲಿಲ್ಲ ಎಂದು ಸೇರಿಸಬಹುದಿತ್ತು, ಸೇರಿಸಲಿಲ್ಲ.

ಹಬ್ಬದ ಮಾರನೆಯ ದಿನ ತ್ಯಾಗರಾಜನಗರಕ್ಕೆ ಹೋಗಿ ನಿಜ ಹೇಳಿದೆ. ಪುಟ್ಟಯ್ಯನವರು ತಲೆ ಕೆರೆದುಕೊಂಡು, "ಮುಗ್ದೋಗಿತ್ತಲ್ಲವ್ವ. ಯಾಕ್ ಬಂದ್ ಯೋಳ್ದೆ? ನಾನೂ ಚಿನ್ನ ಅಂತ ನಂಬ್ಕಂಡಿದ್ದೆ, ನೆಮ್ಮದಿಯಾಗಿದ್ದೆ" ಎಂದರು. ನಾನು ಅಳಬಾರದೆಂದುಕೊಂಡಿದ್ದೆ, ಅತ್ತುಬಿಟ್ಟೆ. ಸರಸ್ವತಮ್ಮ ಗಂಡನಿಗೆ, "ನೀವ್ ಒಸಿ ಸುಮ್ಕಿರಿ. ಕೂಸು ಅಷ್ಟ್ ದೂರದಿಂದ ಸುಳ್ಳೇಳಕ್ ಬಂದೈತಾ?" ಎಂದು ಗದರಿ, ನನಗೆ ಕಾಫಿ ಕೊಟ್ಟರು.

ಆ ಬೆರಳಿನ ಗುರುತು ಯಾರದೆಂದು ಹಿಂದಿನ ಪತ್ರ ಬರೆಯುವಾಗಲೇ ನನಗೆ ಗೊತ್ತಿತ್ತು. ಬರೆಯಲು ಧೈರ್ಯ ಬರಲಿಲ್ಲ. ಪ್ರಭಾವಳಿ ಯಾವಾಗಲೂ ಅಮ್ಮನ ಪಾಲು. ಮುಖ, ಕಿರೀಟ, ಸೀರೆ ನಿನ್ನದು. ಸುತ್ತಲಿನ ಬಳ್ಳಿ, ಎಲೆ, ಮೊಗ್ಗು ಅಮ್ಮನವು. ಆ ವರ್ಷ ಆಸ್ಪತ್ರೆಯ ಔಷಧಿಗೆ ಅಮ್ಮನ ಬೆರಳ ತುದಿಗಳು ಮರಗಟ್ಟಿದ್ದವು. ಸೌಟು ಜಾರಿ ಬೀಳುತ್ತಿತ್ತು. ರೇಕು ಎತ್ತಲು ಹೋದರೆ ಹರಿಯುತ್ತಿತ್ತು, ಉಸಿರಿಗೆ ಹಾರಿಹೋಗುತ್ತಿತ್ತು. ಕುಂಚ ಕೆಳಗಿಟ್ಟು ಗೋಡೆ ನೋಡುತ್ತಾ ಕೂರುತ್ತಿದ್ದಳು. ಆಮೇಲೆ ಒಂದು ದಿನ ಅವಳೇ ಆಟೋದಲ್ಲಿ ಅವೆನ್ಯೂ ರಸ್ತೆಗೆ ಹೋಗಿ ಯಾವುದೋ ಅಂಗಡಿಯಿಂದ ಹೊಸ ರೇಕಿನ ಕಟ್ಟು ತಂದಳು. ಆ ಮಧ್ಯಾಹ್ನ ನಾನು ಕಾಲೇಜಿಗೆ ಚಕ್ಕರ್ ಹಾಕಿ ಮನೆಯಲ್ಲೇ ಇದ್ದೆ. ಅವಳು ಬೆರಳಿನಿಂದಲೇ ರೇಕು ಎತ್ತಿ ಒತ್ತುತ್ತಿದ್ದಳು. "ಈ ಸಲದ ರೇಕು ಎಷ್ಟ್ ಮಾತ್ ಕೇಳತ್ತೆ ನೋಡ್ರೀ" ಎಂದು ನಿನ್ನನ್ನು ಕರೆದಳು. ಎಷ್ಟು ತಿಂಗಳ ಮೇಲೆ ಅವಳು ಹಾಗೆ ನಕ್ಕದ್ದು.

ನಿಜವಾದ ಚಿನ್ನದ ರೇಕು ಹಾಗೆ ಬೆರಳಿನ ಮಾತು ಕೇಳುವುದಿಲ್ಲ. ನನಗೆ ಅದು ಈಗ ಗೊತ್ತು. ಆವತ್ತು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ, ಬೆರಳು ಸತ್ತಿದ್ದವಲ್ಲ. ನೀನು ಬಾಗಿಲಲ್ಲಿ ನಿಂತು ನೋಡಿದೆ. ತುಂಬಾ ಹೊತ್ತು ನಿಂತಿದ್ದೆ.

ಅಪ್ಪ, ನಿನಗೆ ಆವತ್ತೇ ಗೊತ್ತಾಯಿತಾ?

ತನು


ಮುಳಬಾಗಿಲು
9 ಜೂನ್ 2024

ತನು,

ನಿನ್ನ ಕಾಗದಕ್ಕೆ ಇಷ್ಟು ತಡವಾಗಿ ಉತ್ತರಿಸುತ್ತಿದ್ದೇನೆ. ಎರಡು ಸಲ ಬರೆದು ಒಲೆಗೆ ಹಾಕಿದೆ. ನಿಮ್ಮತ್ತೆ ಊಟದ ಹೊತ್ತಿಗೆ ಮಾತ್ರ ಮಾತಾಡಿಸುತ್ತಾಳೆ. ನಿನ್ನ ಪಕ್ಷ ಸೇರಿದ್ದಾಳೆ.

ನೀನು ಕೇಳಿದ್ದಕ್ಕೆ ಈ ಕಾಗದದಲ್ಲಿ ಉತ್ತರವಿಲ್ಲ.

ಒಂದು ಮಾತು ಹೇಳುತ್ತೇನೆ. ಪುಟ್ಟಯ್ಯನವರು ಅಂದ ಮಾತಿಗೆ ನಾನು ಊರು ಬಿಟ್ಟೆನೆಂದು ನೀನು ತಿಳಿದಿದ್ದೀಯ. ಅಂದವರ ಮನೆಗೆ ಹೋಗಿ ಪಟ ಸರಿಮಾಡಿ ಕೊಡುವುದು ನಮ್ಮ ಕೆಲಸದ ಕ್ರಮ. ಬೇರೆ ಯಾರದಾದರೂ ತಪ್ಪಾಗಿದ್ದರೆ ಮಾರನೆಯ ದಿನವೇ ಹೋಗುತ್ತಿದ್ದೆ. ಸರಿಮಾಡುವುದೆಂದರೆ ಹಳೆಯ ರೇಕು ಕೆರೆದು ತೆಗೆಯಬೇಕು. ನಿಮ್ಮಮ್ಮ ಕೊನೆಗೆ ಮಾಡಿದ ಕೆಲಸ ಅದು. ಚಾಮರಾಜಪೇಟೆಯಲ್ಲಿದ್ದರೆ ದಿನಾ ಬೆಳಿಗ್ಗೆ ಎದ್ದು, ಇವತ್ತೂ ಹೋಗಲಿಲ್ಲ ಎಂದುಕೊಳ್ಳಬೇಕಾಗಿತ್ತು. ಇಲ್ಲಿ ಹಾಗೆ ಅಂದುಕೊಳ್ಳಬೇಕಾಗಿಲ್ಲ, ಬಸ್ಸಿನ ದೂರ ಇದೆ.

ನೀನು ಪ್ರಭಾವಳಿಯಲ್ಲೂ ಚಿನ್ನ ಎಂದು ಬರೆದಾಗ, ಕೆರೆಯಬೇಕಾಗಿಲ್ಲ ಎಂದು ಬದುಕಿಕೊಂಡೆ. ಆಮೇಲೆ ನೀನೇ ಅಲ್ಲ ಎಂದು ಬರೆದೆ. ಯುಗಾದಿಯ ದಿನ ಬಸ್ ಸ್ಟಾಂಡಿನವರೆಗೆ ಹೋಗಿ ಬೇವಿನ ಕಟ್ಟು ಹಿಡಿದುಕೊಂಡು ವಾಪಸು ಬಂದೆ.

ಈಗ ಬರುತ್ತೇನೆ. ಪುಟ್ಟಯ್ಯನವರಿಗೆ ಕಾಗದ ಹಾಕಿದ್ದೇನೆ. ಅವರ ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತೇನೆ. ಕೆಲಸ ಮುಗಿಯುವವರೆಗೆ ಮನೆಗೆ ಬರುವುದಿಲ್ಲ, ನೀನೂ ಅಲ್ಲಿಗೆ ಬರಬೇಡ. ನಿನ್ನ ಮುಖ ನೋಡಿದರೆ ನನ್ನ ಕೈ ನಿಲ್ಲುವುದಿಲ್ಲ. ನೀನು ಅವಳ ಹಾಗೆಯೇ ಇದ್ದೀಯ.

ಅಪ್ಪ


ತ್ಯಾಗರಾಜನಗರ
23 ಜೂನ್ 2024

ತನು,

ಸರಸ್ವತಮ್ಮನವರು ಗಾಂಧಿಬಜಾರಿಗೆ ಹೊರಟಿದ್ದರು, ಅಲ್ಲಿಂದ ಚಾಮರಾಜಪೇಟೆಗೂ ಹೋಗಿ ಕೊಟ್ಟು ಬರುತ್ತೇನೆ ಎಂದರು. ಅವರ ಕೈಯಲ್ಲಿ ಈ ಕಾಗದ.

ಆಳೆತ್ತರದ ಪಟವನ್ನು ಮಹಡಿಯ ಕೋಣೆಗೆ ಸಾಗಿಸಿ ನಿಲ್ಲಿಸಿಕೊಂಡಿದ್ದೇನೆ. ಕೆರೆಯುವುದು ಮುಗಿಯಿತು. ಪುಟ್ಟಯ್ಯನವರು ಮೊದಲ ದಿನ ಕಾಲು ಹಿಡಿಯಲು ಬಂದರು. "ಕಾಲ್ ಬಿಡಿ ಸ್ವಾಮಿ, ಏಣಿ ಹಿಡ್ಕೊಳಿ" ಎಂದೆ. ಆವತ್ತಿನಿಂದ ಏಣಿ ಹಿಡಿದು ನಿಲ್ಲುತ್ತಾರೆ, ಸೈಟುಗಳ ರೇಟು ಹೇಳುತ್ತಾರೆ. ಪ್ರಭಾವಳಿಯ ಹತ್ತಿರ ಬಂದಾಗ ಮಾತ್ರ ಅವರನ್ನು ಕೆಳಗೆ ಕಳಿಸಿದೆ.

ರೇಕು ಹೋಯಿತು. ಕೆಳಗೆ ನಿಮ್ಮಮ್ಮ ಸಫೇದದ ಬಿಳಿ ಪುಡಿಗೆ ಅಂಟು ಕಲಸಿ ಎಳೆದ ಉಬ್ಬು ಗೆರೆಗಳು ಹಾಗೇ ಇವೆ. ಒಂದು ಮೊಗ್ಗೂ ಕಿತ್ತುಹೋಗಿಲ್ಲ. ಮರಗಟ್ಟಿದ ಬೆರಳಿನಲ್ಲಿ ಎಳೆದವೆಂದು ಯಾರೂ ಹೇಳಲಾರರು. ನಾನು ಕೆರೆಯಲು ಹೆದರಿದ್ದು ಇದಕ್ಕೆ. ಇವು ಹೋಗುತ್ತವೆಂದು.

ಹೊಸ ರೇಕು ಮೈಸೂರಿನಿಂದ ತರಿಸಿದ್ದೇನೆ. ಉಸಿರು ಬಿಟ್ಟರೆ ಹಾರುತ್ತದೆ, ನನ್ನ ಕಣ್ಣಿಗೆ ಅಪ್ಪಟ. ಆದರೆ ನನ್ನ ಕಣ್ಣಿನ ಮಾತಿಗೆ ಹಚ್ಚುವುದಿಲ್ಲ. ಒಂದೊಂದು ಕಟ್ಟಿನಿಂದಲೂ ಚೂರು ಕತ್ತರಿಸಿ ಬೇರೆ ಬೇರೆ ಕಾಗದದಲ್ಲಿ ಮಡಿಚಿ ಕಳಿಸಿದ್ದೇನೆ. ನೀನು ನೋಡಿ ಹೇಳು. ನೀನು ಹೇಳುವವರೆಗೆ ಕುಂಚ ಎತ್ತುವುದಿಲ್ಲ.

ಅಪ್ಪ


ತ್ಯಾಗರಾಜನಗರ
29 ಜೂನ್ 2024

ಅಪ್ಪ,

ಎಲ್ಲ ಚೂರುಗಳನ್ನೂ ನೋಡಿದೆ. ರೇಕಿಗೆ ಯಾವ ಲೇಪನವನ್ನೂ ಕೊಡಲಿಲ್ಲ, ಅದು ತಾನೇ ಲೋಹ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ. ಪಕ್ಕದಲ್ಲಿ ಖಾಲಿ ಬಿಲ್ಲೆಯೊಂದನ್ನೂ ಇಟ್ಟು ನೋಡಿದೆ, ಅದರಲ್ಲಿ ಚಿನ್ನ ಕಂಡರೆ ನಮ್ಮದೇ ಕೊಳೆ ಎಂದು ತಿಳಿಯಲಿ ಅಂತ. ಕಾಣಲಿಲ್ಲ. ನಾಗಭೂಷಣ್ ಸರ್ ತಾವೂ ಒಮ್ಮೆ ನೋಡಿದರು. ಕೈಲಾಸ್ ಈ ಸಲ ಬಾಯಿ ಬಿಡಲಿಲ್ಲ, ಸರ್ ಆಯಿತು ಎಂದ ಮೇಲೆ ಮಾತ್ರ ಶಿಳ್ಳೆ ಹಾಕಿದ.

ಚಿನ್ನ, ಅಪ್ಪ. ಎಲ್ಲವೂ. ಹಚ್ಚು.

ನಾನು ಕೇಳಿದ್ದ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಉತ್ತರ ಬೇಡ ಎಂದು ಬರೆದರೆ ಸುಳ್ಳಾಗುತ್ತದೆ. ಬೇಕು. ಆದರೆ ಇವತ್ತೇ ಬೇಕೆಂದಿಲ್ಲ.

ಮೇಲೆ ಊರಿನ ಹೆಸರು ತಪ್ಪಾಗಿ ಬರೆದಿಲ್ಲ. ಸರಸ್ವತಮ್ಮನವರ ನಡುಮನೆಯಲ್ಲಿ, ಮೆಟ್ಟಿಲಿನ ಬುಡದಲ್ಲಿ ಕೂತು ಬರೆಯುತ್ತಿದ್ದೇನೆ. ಬರಬೇಡ ಎಂದು ನೀನು ಬರೆದಿದ್ದೆ, ನನಗೆ ಆಗಲಿಲ್ಲ. ಮೇಲೆ ಬರುವುದಿಲ್ಲ. ನಿನ್ನ ಕೆಮ್ಮು ಕೇಳಿಸುತ್ತಿದೆ. ಅಷ್ಟು ಸಾಕು ಎಂದು ಬರೆಯಹೊರಟೆ, ಅದೂ ಸುಳ್ಳು.

ರೇಕು ಹಾರಬಾರದೆಂದು ಸರಸ್ವತಮ್ಮ ಕೆಳಗಿನ ಫ್ಯಾನುಗಳನ್ನೂ ಆರಿಸಿಬಿಟ್ಟಿದ್ದಾರೆ. "ಮಹಡಿ ಮ್ಯಾಲಿನ್ ರೇಕು ಕೆಳಗಡೆ ಫ್ಯಾನಿಗ್ ಹಾರ್ತದಾ?" ಎಂದು ಪುಟ್ಟಯ್ಯನವರು ಬೈಯುತ್ತಾ, ಬೆವರು ಒರೆಸಿಕೊಂಡು ಕೂತಿದ್ದಾರೆ. ಆದರೂ ಸ್ವಿಚ್ ಹಾಕಿಲ್ಲ. ಈಗ ಅವರೇ ಈ ಚೀಟಿ ಹಿಡಿದು ಮೇಲೆ ಬರುತ್ತಾರೆ.

ನೀನು ಆತುರ ಮಾಡಬೇಡ. ಕೊನೆಯ ಎಲೆಯವರೆಗೂ ಹಚ್ಚಿ, ಕೈ ತೊಳೆದುಕೊಂಡು ಇಳಿದು ಬಾ. ನಾನು ಇಲ್ಲೇ ಇರುತ್ತೇನೆ.

ತನು